ಪ್ಯಾಸೇಜಿನಲ್ಲಿ ಇಲ್ಲದ ದರಕು

ನ್ಯಾಷನಲ್ ಲಾ ಸ್ಕೂಲುಗಳಿಗೆ ಸೇರಲು ಬರೆಯುವ ಕ್ಲಾಟ್ ಪರೀಕ್ಷೆಗೆ ಓದುವ ಮಕ್ಕಳು ಎರಡು ರೀತಿಯಲ್ಲಿ ತಪ್ಪು ಮಾಡುತ್ತಾರೆ. ಗೊತ್ತಿಲ್ಲದೆ ಮಾಡುವ ತಪ್ಪು ಒಂದು. ಅದರ ಬಗ್ಗೆ ನನಗೇನೂ ತಲೆಬಿಸಿ ಇಲ್ಲ, ಓದಿದರೆ ಹೋಗುತ್ತದೆ. ಗೊತ್ತಿರುವುದೇ ಜಾಸ್ತಿಯಾಗಿ ಮಾಡುವ ತಪ್ಪು ಇನ್ನೊಂದು. ಇದನ್ನು ಹೇಗೆ ತಿದ್ದಬೇಕು, ತಿದ್ದಲೇಬೇಕಾ ಅನ್ನುವುದು ಕೆಲವು ಸಮಯದಿಂದ ನನ್ನನ್ನು ಕಾಡುತ್ತಿದೆ.

ನಾನು ಶಿರಸಿ ಕೋರ್ಟಿನಲ್ಲಿ ವಕೀಲಿ ಮಾಡುವವಳು. ಭಾನುವಾರ ಬೆಳಿಗ್ಗೆ ಆಫೀಸಿನ ಮಹಡಿಯ ಮೇಲೆ ಪಿಯುಸಿ ಓದುವ ಕೆಲವು ಮಕ್ಕಳು ಬಂದು ಕೂರುತ್ತಾರೆ. ಕೋಚಿಂಗ್ ಅನ್ನುವಷ್ಟು ದೊಡ್ಡದೇನಲ್ಲ. ಒಂದು ಬಿಳಿ ಬೋರ್ಡು, ಹಳೇ ಪ್ರಶ್ನೆಪತ್ರಿಕೆಗಳ ಜೆರಾಕ್ಸು, ನಡುವೆ ಕೆಳಗಿನ ಹೋಟೆಲಿನ ಚಾ ಮತ್ತು ಬನ್ಸು. ಸಿಇಟಿ, ನೀಟ್ ಅಂದರೆ ಮನೆಮಂದಿಯೆಲ್ಲ ಎದ್ದು ನಿಲ್ಲುವ ಊರು ನಮ್ಮದು. ವಕೀಲಿಗೂ ಒಂದು ಎಂಟ್ರೆನ್ಸ್ ಇದೆ ಅಂದರೆ ಪಾಲಕರು ನನ್ನ ಮುಖ ನೋಡುತ್ತಾರೆ. "ಅದಕ್ಕೆಂತಕ್ಕೆ ಪರೀಕ್ಷೆ? ಶಿರಸಿಯಲ್ಲೇ ಕಾಲೇಜಿದೆಯಲ್ಲ?" ಪ್ರಶ್ನೆ ಸರಿಯಾಗಿಯೇ ಇದೆ. ಹುಬ್ಬಳ್ಳಿಯ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಅಡಿಯ ಕಾಲೇಜುಗಳಿಗೆ ಪಿಯುಸಿ ಅಂಕವೇ ಸಾಕು, ಸಾಮಾನ್ಯ ವರ್ಗಕ್ಕೆ ಶೇಕಡಾ 45. ನಾನೂ ಎಂಟ್ರೆನ್ಸ್ ಗಿಂಟ್ರೆನ್ಸ್ ಬರೆಯದೆ, ಡಿಗ್ರಿ ಮುಗಿಸಿ ಮೂರು ವರ್ಷದ ಎಲ್‌ಎಲ್‌ಬಿ ಓದಿ ಬಂದವಳೇ. ಹೊಟ್ಟೆಪಾಡಿಗೆ ತೊಂದರೆಯೇನೂ ಆಗಿಲ್ಲ.

ಆದರೂ ಕೆಲವು ಮಕ್ಕಳಿಗೆ ನಾಗರಭಾವಿಯ ನ್ಯಾಷನಲ್ ಲಾ ಸ್ಕೂಲೇ ಬೇಕು. ಬೇಕು ಅನ್ನಿಸುವುದರಲ್ಲಿ ತಪ್ಪಿಲ್ಲ. ಹಾಗೆ ನೋಡಿದರೆ ಆ ಸ್ಕೂಲಿಗೂ ನಮ್ಮ ಕಡೆಗೂ ಸಂಬಂಧ ಇದೆ. ಅದಕ್ಕೆ ಬುನಾದಿ ಹಾಕಿದ ಕಾಯ್ದೆ ಬಂದದ್ದು 1986ರಲ್ಲಿ, ಆಗ ಮುಖ್ಯಮಂತ್ರಿ ಸಿದ್ದಾಪುರದ ರಾಮಕೃಷ್ಣ ಹೆಗಡೆ. ಅವರು ಕಾನೂನು ಓದಲು ಲಖನೌವರೆಗೆ ಹೋದವರು. ಈ ಕಥೆ ಹೇಳಿದರೆ ಪಾಲಕರು ಸ್ವಲ್ಪ ಮೆತ್ತಗಾಗುತ್ತಾರೆ. ಆಮೇಲೆ ಶುಲ್ಕ ಎಷ್ಟು ಅಂತ ಕೇಳಿ ಮತ್ತೆ ಗಟ್ಟಿಯಾಗುತ್ತಾರೆ.

ಬೆಟ್ಟದ ಪ್ರಶ್ನೆ

ಒಂದು ಭಾನುವಾರ ಲೀಗಲ್ ರೀಸನಿಂಗ್ ಪ್ಯಾಸೇಜು ಕೊಟ್ಟಿದ್ದೆ. ವಿಷಯ ಅಡ್ವರ್ಸ್ ಪೊಸೆಷನ್. ಈ ಭಾಗದಲ್ಲಿ ಕಾನೂನಿನ ಪ್ರಶ್ನೆ ಬಿಡಿಸಲು ಕಾನೂನು ಗೊತ್ತಿರಬೇಕಾಗಿಲ್ಲ. ನಿಯಮ ಪ್ಯಾಸೇಜಿನಲ್ಲೇ ಇರುತ್ತದೆ. ಅದನ್ನು ಓದಿ, ಕೆಳಗಿನ ಸಂಗತಿಗೆ ಹಚ್ಚಿ ಉತ್ತರ ಹೇಳಬೇಕು. ಆ ಪ್ಯಾಸೇಜಿನ ನಿಯಮ ಇಷ್ಟು: ಬೇರೆಯವರ ಖಾಸಗಿ ಜಾಗವನ್ನು ಒಬ್ಬ ಎಲ್ಲರಿಗೂ ಕಾಣುವ ಹಾಗೆ, ಒಡೆಯನ ಹಕ್ಕನ್ನು ಒಪ್ಪದೆ, ಎಡೆಬಿಡದೆ 12 ವರ್ಷ ಹಿಡಿದುಕೊಂಡರೆ ಒಡೆಯ ತನ್ನ ಹಕ್ಕು ಕಳೆದುಕೊಳ್ಳುತ್ತಾನೆ. ಆದರೆ ಒಡೆಯನ ಅನುಮತಿಯಿಂದ ಬಳಸಿದ್ದಾದರೆ ಎಷ್ಟು ವರ್ಷವಾದರೂ ಅದು ಬಳಸಿದವನದ್ದಾಗುವುದಿಲ್ಲ.

ಮೊದಲ ಪ್ರಶ್ನೆ. ಒಬ್ಬ ತನ್ನ ಗುಡ್ಡದಲ್ಲಿ ಸೊಪ್ಪು, ಕಟ್ಟಿಗೆ ತೆಗೆದುಕೊಂಡು ಹೋಗಲು ನೆರೆಯವನಿಗೆ ಅನುಮತಿ ಕೊಟ್ಟಿದ್ದ. ನೆರೆಯವನ ಮನೆಯವರು ಐವತ್ತು ವರ್ಷ ಹಾಗೇ ಮಾಡಿಕೊಂಡು ಬಂದರು. ಈಗ ಗುಡ್ಡ ಯಾರದು? ಅನುಮತಿ ಇತ್ತು, ಹಾಗಾಗಿ ಒಡೆಯನದ್ದೇ. ಇಷ್ಟು ಸುಲಭ.

ತೋಟದ ಮನೆಯ ಒಬ್ಬ ಹುಡುಗಿ ಇದ್ದಳು, ಗುಂಪಿನಲ್ಲೇ ಚುರುಕು. ಅವಳು ನೆರೆಯವನದ್ದು ಎಂದು ಗುರುತು ಹಾಕಿದ್ದಳು. ಯಾಕೆ ಅಂತ ಕೇಳಿದೆ. "ಮೇಡಂ, ಐವತ್ತು ವರ್ಷ ಸೊಪ್ಪು ಕಡಿದು, ದರಕು ಗುಡಿಸಿ, ಬೇಸಿಗೆಯಲ್ಲಿ ಬೆಂಕಿ ಬೀಳದ ಹಾಗೆ ಕಾದವರಿಗೆ ಇಲ್ಲ ಅಂದ್ರೆ ಹೇಗೆ?" ಅಂದಳು. ನಾನು ಪ್ಯಾಸೇಜನ್ನು ಇನ್ನೊಮ್ಮೆ ಓದಿದೆ. ಅದರಲ್ಲಿ ದರಕು, ಅಂದರೆ ಉದುರಿದ ಒಣ ಎಲೆಯೂ ಇರಲಿಲ್ಲ, ಬೆಂಕಿಯೂ ಇರಲಿಲ್ಲ. ಎರಡನ್ನೂ ಅವಳು ತಮ್ಮ ಮನೆಯ ಬೆಟ್ಟದಿಂದ ತಂದು ಸೇರಿಸಿದ್ದಳು.

ಸೊಪ್ಪಿನ ಬೆಟ್ಟ ಅಂದರೆ ಏನು ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ತೋಟಕ್ಕೆ ಗೊಬ್ಬರ ಬೇಕು, ಗೊಬ್ಬರಕ್ಕೆ ಸೊಪ್ಪು ಬೇಕು, ಅದಕ್ಕಾಗಿ ಬ್ರಿಟಿಷರ ಕಾಲದಲ್ಲೇ ಬಿಟ್ಟುಕೊಟ್ಟ ಕಾಡು ಅದು. ಬಳಸುವ ಸೌಲಭ್ಯ ತೋಟದವರದ್ದು, ನೆಲ ಸರ್ಕಾರದ್ದು. ಆದರೆ ಮನೆಯಲ್ಲಿ ಯಾರೂ ಹೀಗೆ ಮಾತಾಡುವುದಿಲ್ಲವಲ್ಲ. "ನಮ್ಮ ಬೆಟ್ಟ" ಅಂತಲೇ ಹೇಳುತ್ತಾರೆ. ಆ ಹುಡುಗಿಗೆ ಪ್ಯಾಸೇಜಿನ ಗುಡ್ಡ ಕಾಣಲೇ ಇಲ್ಲ, ಅವರ ಬೆಟ್ಟ ಕಂಡಿತು.

ಇಲ್ಲಿಗೇ ನಿಂತಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಗುಂಪಿನಲ್ಲಿ ಅಂಕೋಲೆ ಕಡೆಯ ಒಬ್ಬ ಹುಡುಗನೂ ಇದ್ದ. ಹಾಸ್ಟೆಲಿನಲ್ಲಿ ಇದ್ದುಕೊಂಡು ಓದುವವನು, ಮಾತು ಕಮ್ಮಿ. ಅವನ ಉತ್ತರ ಸರಿ ಇತ್ತು, ಅದೂ ಎಲ್ಲರಿಗಿಂತ ಮೊದಲು. ಭಲೇ ಅಂದೆ. ಹೇಗೆ ಹೊಳೆಯಿತು ಅಂತ ಕೇಳಿದರೆ, "ಎಷ್ಟು ವರ್ಷ ಇದ್ರೂ ಜಾಗ ನಮ್ದಾಗೂದಿಲ್ಲ ಅಂತ ಅಪ್ಪ ಯಾವಾಗ್ಲೂ ಹೇಳ್ತಾರೆ" ಅಂದ. ಅವರ ಮನೆ ಇರುವುದು ಅರಣ್ಯ ಅತಿಕ್ರಮಣದ ಜಾಗದಲ್ಲಿ. ಅನುಮತಿ ಅನ್ನುವ ಸಾಲನ್ನು ಅವನು ನೋಡಿಯೇ ಇರಲಿಲ್ಲ. ಎರಡನೇ ಪ್ರಶ್ನೆಯಲ್ಲಿ ಅದು ಬಯಲಾಯಿತು. ಯಾರ ಅನುಮತಿಯೂ ಇಲ್ಲದೆ ಪಕ್ಕದವನ ಖಾಲಿ ಜಾಗದಲ್ಲಿ ಒಬ್ಬ ಮನೆ ಕಟ್ಟಿ ಇಪ್ಪತ್ತು ವರ್ಷ ಇದ್ದಾನೆ, ಒಡೆಯ ಕಣ್ಣೆದುರೇ ಇದ್ದೂ ಸುಮ್ಮನಿದ್ದಾನೆ. ಪ್ಯಾಸೇಜಿನ ಪ್ರಕಾರ ಒಡೆಯನ ಹಕ್ಕು ಹೋಯಿತು. ಹುಡುಗ ಮಾತ್ರ ಒಡೆಯನದ್ದೇ ಅಂತ ಬರೆದಿದ್ದ. ಅವನು ಕಂಡ ಪ್ರಪಂಚದಲ್ಲಿ ಹಾಗೆ ಇರುವವರಿಗೆ ಯಾವತ್ತೂ ಜಾಗ ಸಿಕ್ಕಿಲ್ಲ.

ಹುಡುಗಿ ತಪ್ಪಿದ್ದೂ ಮನೆಯಿಂದ ತಂದ ತಿಳಿವಳಿಕೆಯಿಂದ, ಹುಡುಗ ಗೆದ್ದದ್ದೂ ಅದರಿಂದಲೇ. ಓಎಂಆರ್ ಹಾಳೆಗೆ ಇದು ಗೊತ್ತಾಗುವುದಿಲ್ಲ. ಅದು ಅವನಿಗೆ ಒಂದು ಅಂಕ ಕೊಟ್ಟು, ಅವಳಿಂದ ಕಾಲು ಅಂಕ ಕಳೆಯುತ್ತದೆ, ಅಷ್ಟೆ.

(ಪರೀಕ್ಷೆಯ ಹೊರಗಿನ ಕಾನೂನೂ ಆ ಹುಡುಗನ ಅಪ್ಪ ಹೇಳಿದ್ದಕ್ಕೆ ಹತ್ತಿರವೇ ಇದೆ. ಸರ್ಕಾರದ ಜಾಗವಾದರೆ, ದಾವೆ ಹಾಕಲು ಗಡುವು ಹೇಳುವ ಲಿಮಿಟೇಷನ್ ಕಾಯ್ದೆಯ ಲೆಕ್ಕ 12 ಅಲ್ಲ, 30 ವರ್ಷ. ಕಾಡಿಗೆ 2006ರ ಅರಣ್ಯ ಹಕ್ಕು ಕಾಯ್ದೆ ಬೇರೆ. ಅದರಲ್ಲಿ ಪರಿಶಿಷ್ಟ ಪಂಗಡದವರಲ್ಲದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕಿಂತ ಹಿಂದೆ ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲೇ ಇದ್ದರು ಅಂತ ತೋರಿಸಬೇಕು. ಹಿಂದಕ್ಕೆ ಎಣಿಸಿದರೆ 1930 ಬರುತ್ತದೆ. ಆ ವರ್ಷ ಅಂಕೋಲೆಯ ಜನ ಉಪ್ಪು ಮಾಡಿ ಜೈಲಿಗೆ ಹೋಗುತ್ತಿದ್ದರು. ಜೈಲಿಗೆ ಹೋದ ಅಜ್ಜನಿದ್ದರೆ ಒಂದು ಕಾಗದವಾದರೂ ಇರುತ್ತಿತ್ತೇನೋ. ಗದ್ದೆ ಉಳುತ್ತಿದ್ದ ಅಜ್ಜನ ಬಗ್ಗೆ ಕಾಗದ ಬರೆದಿಟ್ಟವರು ಯಾರು?)

ಓಡುತ್ತಾ ಓದುವುದು

ಮೊದಲು ಹೀಗಿರಲಿಲ್ಲ. ಒಂದೊಂದು ಲಾ ಸ್ಕೂಲಿಗೆ ಒಂದೊಂದು ಪರೀಕ್ಷೆ ಇತ್ತು. ಅದರ ವಿರುದ್ಧ 2006ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಹೋಗಿ, 2008ರಲ್ಲಿ ಕ್ಲಾಟ್ ಶುರುವಾಯಿತು. ಆಗ 200 ಪ್ರಶ್ನೆ. ಸಾಮಾನ್ಯ ಜ್ಞಾನದ ಒಂದು ಸಾಲಿನ ಪ್ರಶ್ನೆಗಳು, ಒಂದು ಸಾಲಿನ ಕಾನೂನು ತತ್ವ. ಉರು ಹೊಡೆಯುವವರಿಗೆ ಒಳ್ಳೇ ಕಾಲ. 2020ರಿಂದ ಎಲ್ಲವೂ ಪ್ಯಾಸೇಜ್ ಆಯಿತು. ಈಗ 120 ಪ್ರಶ್ನೆ, 120 ನಿಮಿಷ. ಒಂದೊಂದು ಪ್ಯಾಸೇಜೂ 450 ಪದದ ಆಸುಪಾಸು. ಎಲ್ಲ ಸೇರಿಸಿದರೆ ಎರಡು ಗಂಟೆಯಲ್ಲಿ ಹತ್ತು ಸಾವಿರ ಪದದಷ್ಟು ಇಂಗ್ಲಿಷ್ ಓದಿ, ಯೋಚಿಸಿ, ಗುರುತು ಹಾಕಬೇಕು. ಗಣಿತವನ್ನೂ ಪ್ಯಾಸೇಜಿನ ಒಳಗೇ ಇಡುತ್ತಾರೆ, ಪುಣ್ಯಕ್ಕೆ ಅದು ಹತ್ತರಿಂದ ಹದಿನಾಲ್ಕು ಅಂಕದ್ದು.

ಇಡೀ ಪತ್ರಿಕೆ ಇಂಗ್ಲಿಷಿನಲ್ಲೇ. ಬೇರೆ ಭಾಷೆಗಳಲ್ಲೂ ನಡೆಸಿ ಅಂತ 2023ರಲ್ಲಿ ದೆಹಲಿ ಹೈಕೋರ್ಟಿಗೆ ಅರ್ಜಿ ಹೋಗಿತ್ತು. ಕಾರವಾರದ ಮಕ್ಕಳನ್ನು ನೋಡಿದಾಗ ಆ ಅರ್ಜಿ ನೆನಪಾಗುತ್ತದೆ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಈಗ ಇಂಗ್ಲಿಷಿನಲ್ಲಿ ಓಡು ಅಂದರೆ ಹೇಗೆ? ಆದರೆ ಇದು ಹೊಸತೇನಲ್ಲ. ರವೀಂದ್ರನಾಥ ಠಾಕೂರರ ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ಜಡ್ಜ್ ಆಗಿದ್ದರು. ಬ್ರಿಟಿಷರ ಕಾಲದ ದೊಡ್ಡ ಸರ್ಕಾರಿ ಸೇವೆ ಐಸಿಎಸ್‌ಗೆ ಆಯ್ಕೆಯಾದ ಮೊದಲ ಭಾರತೀಯ. ಆ ಪರೀಕ್ಷೆ ಬರೆಯಲು ಅವರು ಲಂಡನ್‌ಗೆ ಹೋಗಬೇಕಾಯಿತು, ಭಾರತದಲ್ಲಿ ಅದು ನಡೆದದ್ದು 1922ರಿಂದ ಈಚೆಗೆ. ದೂರದವರ ಭಾಷೆಯಲ್ಲಿ ದೂರದಲ್ಲಿ ಪರೀಕ್ಷೆ ಬರೆದು ಪಾಸಾದವರೇ ನಮ್ಮ ಕಡಲ ತೀರದ ಕೋರ್ಟಿನಲ್ಲಿ ಕೂತು ನಮ್ಮ ತಗಾದೆ ಕೇಳಿದ್ದು.

ನಮ್ಮ ಮಕ್ಕಳಿಗೆ ಇಂಗ್ಲಿಷ್ ಬರುವುದಿಲ್ಲ ಅಂತ ಪಾಲಕರು ಹೇಳುವುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಬರುತ್ತದೆ. ಆದರೆ ಪಾಠದ ಹಾಗೆ ಓದುತ್ತಾರೆ. ಪ್ರತಿ ಪದಕ್ಕೂ ನಿಲ್ಲುತ್ತಾರೆ, ಕೆಳಗೆ ಗೆರೆ ಎಳೆಯುತ್ತಾರೆ. ಒಂದು ಪದ ಗೊತ್ತಿಲ್ಲದಿದ್ದರೆ ಮುಂದೆ ಹೋಗಲು ಧೈರ್ಯ ಸಾಲದು. ಇದಕ್ಕೆ ದಪ್ಪ ದಪ್ಪ ವರ್ಡ್ ಲಿಸ್ಟ್ ಕೊಟ್ಟು ಉರು ಹೊಡೆಸುವುದು ನನಗೆ ಸರಿ ಕಾಣುವುದಿಲ್ಲ. ಗಮನಿಸಿದ್ದೇನೆ, ಕನ್ನಡದಲ್ಲಿ ದಪ್ಪ ಕಾದಂಬರಿಗಳನ್ನು ಊಟ ಬಿಟ್ಟು ಓದಿದ ಮಕ್ಕಳು ಇಂಗ್ಲಿಷಿನಲ್ಲೂ ಬೇಗ ವೇಗ ಹಿಡಿಯುತ್ತಾರೆ. ಗೊತ್ತಿಲ್ಲದ ಪದವನ್ನು ದಾಟಿ ಹೋಗುವ ಧೈರ್ಯ ಅವರಿಗೆ ಮೊದಲೇ ಬಂದಿರುತ್ತದೆ. ನಾನು ಓದಲು ಕೊಡುವುದು ತೀರ್ಪುಗಳ ಮೊದಲ ನಾಲ್ಕೈದು ಪ್ಯಾರಾ. ಅಲ್ಲಿ ಸಂಗತಿ ಇರುತ್ತದೆ, ಕಥೆಯ ಹಾಗೆ. ಯಾರು ಯಾರ ಮೇಲೆ ಯಾಕೆ ದಾವೆ ಹಾಕಿದರು ಅಂತ ಮೂರು ಸಾಲಿನಲ್ಲಿ ಹೇಳಬೇಕು, ಕನ್ನಡದಲ್ಲೇ ಹೇಳಿದರೂ ಸರಿ.

ಮಕ್ಕಳಿಗೆ ಭಾರೀ ಖುಷಿ ಕೊಡುವ ಪ್ರಕರಣ ಕ್ಲಾಟ್‌ದ್ದೇ. 2024ರ ಡಿಸೆಂಬರಿನಲ್ಲಿ ನಡೆದ ಪರೀಕ್ಷೆಯ ಕೀ ಉತ್ತರಗಳೇ ತಪ್ಪು ಅಂತ ಅಭ್ಯರ್ಥಿಗಳು ದೆಹಲಿ ಹೈಕೋರ್ಟಿಗೆ ಹೋದರು. ತಿದ್ದಿ ಅಂತ ಕೋರ್ಟು ಹೇಳಿತು. ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಕಾನೂನು ಓದಲು ಸೇರುವ ಮೊದಲೇ ಕಾನೂನು ಶಾಲೆಗಳ ಒಕ್ಕೂಟದ ಮೇಲೆ ಕೇಸು ಗೆದ್ದವರು! ಅದಕ್ಕಿಂತ ಒಳ್ಳೇ ಪ್ರವೇಶ ಪರೀಕ್ಷೆ ಯಾವುದಿದೆ, ಅಲ್ವಾ?

ಕೊನೆ ಕೊಯ್ಲು ಮತ್ತು ಹುಬ್ಬಳ್ಳಿ ಬಸ್ಸು

ಪರೀಕ್ಷೆ ಈಗ ಡಿಸೆಂಬರಿನಲ್ಲಿ, ಭಾನುವಾರ ಮಧ್ಯಾಹ್ನ. ಪಿಯು ಬೋರ್ಡಿನವರಿಗೆ ಇದೊಂದು ಕಾಟ, ಇನ್ನೇನು ಪ್ರಿಪರೇಟರಿ ಹತ್ತಿರ ಬಂದಿರುತ್ತದೆ. ತೋಟದ ಮನೆಯವರಿಗೆ ಇನ್ನೊಂದು ಕಾಟ, ಅಡಿಕೆ ಕೊಯ್ಲು. ಆ ಹುಡುಗಿಗೆ ಹುಬ್ಬಳ್ಳಿ ಕೇಂದ್ರ ಸಿಕ್ಕಿತ್ತು. ಅವಳ ಅಪ್ಪ ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡನಿಗಾಗಿ ಬಹಳ ದಿನದಿಂದ ಕಾಯುತ್ತಿದ್ದರು, ಆತ ಬರುತ್ತೇನೆ ಅಂದದ್ದು ಅದೇ ಭಾನುವಾರ. ಈಗಿನ ಕಾಲದಲ್ಲಿ ಕೊನೆಗೌಡನಿಗೆ ಇವತ್ತು ಬೇಡ, ನಾಳೆ ಬಾ ಅನ್ನುವ ಧೈರ್ಯ ಯಾರಿಗಿದೆ? ಹಾಗಾಗಿ ಬೆಳಗಿನ ಬಸ್ಸಿನಲ್ಲಿ ಅವಳ ಜೊತೆ ನಾನು ಹೊರಟೆ.

ಹೋಗುವಾಗ ಅವಳು ಏನೂ ಓದಲಿಲ್ಲ. ಅವಲಕ್ಕಿ ಡಬ್ಬಿ ತೊಡೆಯ ಮೇಲೆ ಇಟ್ಟುಕೊಂಡು ಕಿಟಕಿ ಆಚೆ ನೋಡುತ್ತಾ ಕೂತಿದ್ದಳು. ಮುಂಡಗೋಡ ದಾಟಿದ ಮೇಲೆ ಕಾಡು ತೆಳುವಾಗಿ ಬಯಲು ಶುರುವಾಗುತ್ತದೆ. ಕೇಂದ್ರದ ಗೇಟಿನ ಹತ್ತಿರ ಪಾಲಕರದ್ದೇ ಜಾತ್ರೆ. ಕೋಚಿಂಗ್ ಹೆಸರು ಬರೆದ ಬ್ಯಾಗುಗಳು, ಯಾರ ಮಾಕ್ ಸ್ಕೋರ್ ಎಷ್ಟು ಅನ್ನುವ ಮಾತು. ಇವಳು ಹಾಲ್ ಟಿಕೆಟ್ ಹಿಡಿದು ಸುಮ್ನೆ ಒಳಗೆ ಹೋದಳು. ನಾಲ್ಕು ಗಂಟೆಗೆ ಹೊರಗೆ ಬಂದು, ಟೈಮ್ ಸಾಕಾಗಲಿಲ್ಲ, ಲೆಕ್ಕದ ಒಂದು ಪ್ಯಾಸೇಜು ಪೂರ್ತಿ ಬಿಟ್ಟೆ ಅಂದಳು. ಅಷ್ಟೇ. ಅಳು ಗಿಳು ಏನಿಲ್ಲ.

ಬರುವಾಗ ಕತ್ತಲಾಗಿತ್ತು. ನಿದ್ದೆ ಮಾಡಿದ್ದಾಳೆ ಅಂದುಕೊಂಡಿದ್ದೆ. ಇದ್ದಕ್ಕಿದ್ದ ಹಾಗೆ ಕೇಳಿದಳು: "ಮೇಡಂ, ಆ ಪ್ಯಾಸೇಜಿನ ಪ್ರಕಾರ ಬೆಟ್ಟ ನಮ್ಮದಲ್ಲ. ಅದನ್ನ ಅಪ್ಪನಿಗೆ ಯಾರು ಹೇಳ್ತಾರೆ?"

ನಿಮ್ಮ ಅಪ್ಪನಿಗೆ ಗೊತ್ತಿದೆ ಅಂದೆ. ಗೊತ್ತಿಲ್ಲದೆ ಏನು? ಪಹಣಿ ತೆಗೆಸುವವರಿಗೆ ಎಲ್ಲ ಗೊತ್ತಿರುತ್ತದೆ. ಗೊತ್ತಿದ್ದೂ ನಮ್ಮ ಬೆಟ್ಟ ಅಂತಾರೆ. "ಹಾಗಾದ್ರೆ ಅವರು ಸುಳ್ಳು ಹೇಳೂದಾ?" ಅಂತ ಕೇಳಿದಳು. ಸುಳ್ಳಲ್ಲ. ಆದರೆ ಸುಳ್ಳಲ್ಲದೆ ಅದು ಮತ್ತೇನು ಅಂತ ವಿವರಿಸಲು ಹೋಗಿ ನನಗೆ ಸಾಕುಸಾಕಾಯಿತು. ಶಿರಸಿ ಬಸ್ ಸ್ಟ್ಯಾಂಡ್ ಬರುವವರೆಗೂ ವಾದ ನಡೆದೇ ಇತ್ತು. ಮುಂದಿನ ಸೀಟಿನ ಅಜ್ಜರೊಬ್ಬರು ತಿರುಗಿ, "ಯಾವ ಬೆಟ್ಟದ ಕೇಸು ತಂಗಿ?" ಅಂತ ವಿಚಾರಿಸಿದರು. ಅವರದ್ದೂ ಒಂದಿತ್ತಂತೆ.

ಕಕ್ಷಿದಾರರು ಬರುವ ರೀತಿ

ಪರೀಕ್ಷೆಯ ಮೇಲೆ ಸಿಟ್ಟು ಮಾಡಿಕೊಳ್ಳುವುದು ಸುಲಭ. ನಮ್ಮ ಮಕ್ಕಳ ಅನುಭವಕ್ಕೆ ಬೆಲೆ ಇಲ್ಲ ಅಂತ ಭಾಷಣ ಮಾಡಬಹುದು. ನಾನು ಹಾಗೆ ಹೇಳಲಾರೆ. ಯಾಕೆಂದರೆ ನನ್ನ ಕೋರ್ಟೂ ಅದನ್ನೇ ಕೇಳುತ್ತದೆ. ಜಡ್ಜ್ ತಾನು ದಾರಿಯಲ್ಲಿ ಕಂಡದ್ದನ್ನು ತೀರ್ಪಿನಲ್ಲಿ ಸೇರಿಸುವಂತಿಲ್ಲ. ದಾಖಲೆಯಲ್ಲಿ ಇಲ್ಲದ್ದು ಇಲ್ಲ. ದರಕು ಗುಡಿಸಿದ್ದು ನಿಜವೇ ಇರಬಹುದು, ಸಾಕ್ಷಿ ಹೇಳಿದರೆ ಮಾತ್ರ ಉಂಟು. ಅದೂ ಕಾನೂನು ಕೇಳುವ ಪ್ರಶ್ನೆಗೆ ಸಂಬಂಧ ಇದ್ದರೆ ಮಾತ್ರ. ತನಗೆ ಗೊತ್ತಿರುವುದನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು ಎದುರಿಗಿರುವ ಕಾಗದವನ್ನಷ್ಟೇ ಓದುವುದು ನಿಜಕ್ಕೂ ಕಷ್ಟದ ವಿದ್ಯೆ. ಹದಿನೇಳರ ಮಕ್ಕಳಿಗೆ ಅದು ಬರುತ್ತದಾ ಅಂತ ನೋಡುವುದರಲ್ಲಿ ಅನ್ಯಾಯ ಇಲ್ಲ.

ಆದರೆ ಇದು ಅರ್ಧ ವಿದ್ಯೆ. ಇನ್ನರ್ಧ ನನ್ನ ಆಫೀಸಿನಲ್ಲಿ ದಿನಾ ನಡೆಯುತ್ತದೆ. ಪರೀಕ್ಷೆಯಲ್ಲಿ ನಿಯಮ ಮೊದಲು, ಸಂಗತಿ ಆಮೇಲೆ, ಅದೂ ತೊಳೆದು ಒರೆಸಿ ಇಟ್ಟದ್ದು. ಆಫೀಸಿಗೆ ಬರುವವರು ಹಾಗಾ ಹೇಳುತ್ತಾರೆ? ದಾರಿ ತಂಟೆ ಅಂತ ಬಂದವರು ಅಜ್ಜನ ದತ್ತು ಪ್ರಕರಣದಿಂದ ಶುರು ಮಾಡುತ್ತಾರೆ. ನಡುವೆ ತಮ್ಮನ ಹೆಂಡತಿ, ಸಾಯಿಸಿದ ನಾಯಿ, ಯಾವುದೋ ಮಳೆಗಾಲದಲ್ಲಿ ಕುಸಿದ ಧರೆ. ನಿಜವಾದ ಸಂಗತಿ ಅದರೊಳಗೆ ಎಲ್ಲೋ ಇರುತ್ತದೆ. ಹಲಸಿನ ಹಣ್ಣು ಬಿಡಿಸಿದ ಹಾಗೆ ಅದು, ಕೈಗೆ ಮೇಣ ಹತ್ತದೆ ತೊಳೆ ಸಿಗುವುದಿಲ್ಲ. ದರಕು, ಬೆಂಕಿ ಅಂದ ಕೂಡಲೇ ಕಣ್ಣ ಮುಂದೆ ಬೆಟ್ಟ ಬರುವ ಹುಡುಗಿ ಈ ಕೆಲಸದಲ್ಲಿ ನನಗಿಂತ ಮುಂದೆ ಹೋದಾಳು. ಎಲ್ಲಿ ಏನು ಕೇಳಬೇಕು ಅಂತ ಅವಳಿಗೆ ಗೊತ್ತಾಗುತ್ತದೆ. ಬೆಂಕಿ ಕಾದದ್ದಕ್ಕೆ ಅರಣ್ಯ ಇಲಾಖೆಯವರು ಯಾವಾಗಾದರೂ ಚೀಟಿ ಬರೆದುಕೊಟ್ಟಿದ್ದರಾ ಅಂತ ಕೇಳುವುದು ಅವಳಿಗೆ ಹೊಳೆಯುತ್ತದೆ. ಬೆಟ್ಟವನ್ನು ಪುಸ್ತಕದಲ್ಲಿ ಮಾತ್ರ ನೋಡಿದವರಿಗೆ ಹೊಳೆಯುವುದಿಲ್ಲ. ಕ್ಲಾಟ್‌ನಲ್ಲಿ ಇದಕ್ಕೆ ಒಂದು ಅಂಕವೂ ಇಲ್ಲ.

ಅಂಕ ಕೊಡುವ ಪರೀಕ್ಷೆ ಇಲ್ಲವೇ ಇಲ್ಲ ಅಂತಲ್ಲ. ನಮ್ಮ ರಾಜ್ಯದ ಸಿವಿಲ್ ಜಡ್ಜ್ ಮುಖ್ಯ ಪರೀಕ್ಷೆಯಲ್ಲಿ ಅನುವಾದದ್ದೇ ಒಂದು ಪತ್ರಿಕೆ ಇದೆ, 100 ಅಂಕಕ್ಕೆ. ಸಾಕ್ಷಿ ಹೇಳಿಕೆ, ದಸ್ತಾವೇಜು, ತೀರ್ಪಿನ ಭಾಗಗಳನ್ನು ಕನ್ನಡದಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಕನ್ನಡಕ್ಕೆ ತರಬೇಕು. ಕೆಳಗಿನ ಕೋರ್ಟುಗಳ ಭಾಷೆ ಕನ್ನಡ, ಮೇಲೆ ಹೋದರೆ ಇಂಗ್ಲಿಷ್, ಎರಡರ ನಡುವೆ ಓಡಾಡಲು ಬರಬೇಕು ಅಂತ ಅವರಿಗೆ ಗೊತ್ತಿದೆ. ದೊಡ್ಡ ಲಾ ಸ್ಕೂಲಿನಿಂದ ಬಂದ ಕೆಲವರು ಈ ಪತ್ರಿಕೆ ಅಂದರೆ ಹೆದರುವುದನ್ನು ಕಂಡಿದ್ದೇನೆ. ನಮ್ಮ ಕಡೆಯವರಿಗೆ ಇಲ್ಲಿ ಅನುಕೂಲ. ಆದರೆ ಅದು ಬರುವುದು ಯಾವಾಗ? ಐದು ವರ್ಷದ ಕೋರ್ಸು ಮುಗಿಯಬೇಕು, ಆಮೇಲೆ ಮೂರು ವರ್ಷ ವಕೀಲಿ ಮಾಡಿರಬೇಕು ಅಂತ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಮತ್ತೆ ನಿಯಮ ತಂದಿದೆ. ಹದಿನೇಳರಲ್ಲಿ ಭಾರವಾದದ್ದು ಇಪ್ಪತ್ತೈದು ದಾಟಿದ ಮೇಲೆ ಬಂಡವಾಳ ಆಗುತ್ತದೆ. ಅಲ್ಲಿಯವರೆಗೆ ಅದನ್ನು ಮರೆಯದೆ ಇಟ್ಟುಕೊಂಡರೆ.

ಈ ಕಾರಣಕ್ಕೆ ಈಗ ಮಕ್ಕಳಿಗೆ ಎರಡು ಬಣ್ಣದ ಪೆನ್ನು ತರಲು ಹೇಳುತ್ತೇನೆ. ಪ್ಯಾಸೇಜಿನಲ್ಲಿ ಇದ್ದದ್ದು ನೀಲಿಯಲ್ಲಿ. ಮನೆಯಿಂದ, ಊರಿನಿಂದ, ಮೊಬೈಲಿನಿಂದ ತಲೆಗೆ ಬಂದದ್ದು ಕೆಂಪಿನಲ್ಲಿ. ಉತ್ತರ ಹಾಕುವಾಗ ನೀಲಿ ಮಾತ್ರ ನೋಡಬೇಕು. ಕೆಂಪನ್ನು ಮಾತ್ರ ಹೊಡೆದು ಹಾಕುವಂತಿಲ್ಲ, ನೋಟ್‌ಬುಕ್ಕಿನಲ್ಲಿ ಇರಲಿ. ಅಂಕ ಜಾಸ್ತಿಯಾಗಿದೆಯಾ ಅಂತ ಒಬ್ಬ ಪಾಲಕರು ಕೇಳಿದರು. ಕೆಲವರದ್ದು ಆಗಿದೆ. ವೇಗ ಮಾತ್ರ ಕಮ್ಮಿಯಾಗಿದೆ, ಅದು ಅವರಿಗೆ ಸರಿ ಕಂಡಿಲ್ಲ. ಮಗನನ್ನು ಹುಬ್ಬಳ್ಳಿಯ ಕೋಚಿಂಗ್‌ಗೆ ಹಾಕಿದ್ದಾರೆ. ಹಾಕಲಿ, ಅಲ್ಲಿ ವಾರಕ್ಕೊಂದು ಪೂರ್ತಿ ಮಾಕ್ ಇರುತ್ತದೆ, ನನ್ನಲ್ಲಿ ಇಲ್ಲ.

ಹುಡುಗಿಗೆ ಬೆಂಗಳೂರು ಸಿಗಲಿಲ್ಲ. ಅಲ್ಲಿ ಕರ್ನಾಟಕದಲ್ಲಿ ಹತ್ತು ವರ್ಷ ಓದಿದವರಿಗೆ ಶೇಕಡಾ 25 ಸೀಟು ಇದ್ದರೂ ರ‍್ಯಾಂಕು ಬೇಕಲ್ಲ. (ಮಾಜಾಳಿಯ ಕಡೆ ಗಡಿ ದಾಟಿ ಗೋವಾದ ಶಾಲೆಗೆ ಹೋಗುವ ಮಕ್ಕಳ ಪಾಲಕರು ಈ ಹತ್ತು ವರ್ಷದ ಲೆಕ್ಕವನ್ನು ಮೊದಲೇ ನೋಡಿಕೊಳ್ಳುವುದು ಒಳ್ಳೇದು.) ದೂರದ ಬೇರೆ ರಾಜ್ಯದಲ್ಲಿ ಸಿಗಬಹುದಿತ್ತು. ವರ್ಷಕ್ಕೆ ಲಕ್ಷಗಳ ಲೆಕ್ಕ ನೋಡಿ ಅವಳ ಅಪ್ಪ ಸುಮ್ಮನಾದರು. ಈಗ ಹುಬ್ಬಳ್ಳಿಯಲ್ಲೇ ಐದು ವರ್ಷದ ಕೋರ್ಸಿನಲ್ಲಿದ್ದಾಳೆ. ಪ್ರಾಪರ್ಟಿ ಕಾನೂನು ಪಾಠ ಬಂದರೆ ಫೋನು ಬರುತ್ತದೆ, ಅರ್ಧ ಗಂಟೆಗೆ ಕಮ್ಮಿ ಇಲ್ಲ.

ಅಂಕೋಲೆಯ ಹುಡುಗ ಈ ಡಿಸೆಂಬರಿಗೆ ಬರೆಯುತ್ತಾನೆ. ಅರ್ಜಿ ತುಂಬಲು ಕೂತೆವು. ಸಾಮಾನ್ಯ ವರ್ಗಕ್ಕೆ 4000 ರೂಪಾಯಿ ಶುಲ್ಕ, ಬಿಪಿಎಲ್‌ನವರಿಗೆ 3500. ಐನೂರು ಉಳಿಸಲು ಕಾರ್ಡು ಬೇಕು, ಕಾರ್ಡು ಅಜ್ಜಿಯ ಹೆಸರಿನಲ್ಲಿದೆ. ಆಧಾರಿನಲ್ಲಿ ಅವನ ಅಪ್ಪನ ಹೆಸರು ಒಂದು ಥರ, ಮಾರ್ಕ್ಸ್ ಕಾರ್ಡಿನಲ್ಲಿ ಇನ್ನೊಂದು ಥರ. ನಾನೇ ಅಫಿಡವಿಟ್ ಬರೆದುಕೊಡುತ್ತೇನೆ ಅಂದೆ. ಬೇಡ ಮೇಡಂ, ಮೊದಲು ನಾನು ಬರೀತೇನೆ, ನೀವು ತಿದ್ದಿ ಅಂದ. ಬರೆದುಕೊಂಡು ಬಂದಿದ್ದಾನೆ, ಎರಡು ಪುಟ, ಕನ್ನಡದಲ್ಲಿ. ಅಪ್ಪನ ಹೆಸರು ಹೇಗೆ ಬದಲಾಯಿತು ಅನ್ನುವುದರ ಜೊತೆಗೆ ಮನೆ ಯಾವಾಗ ಕಟ್ಟಿದ್ದು ಅನ್ನುವುದೂ ಅದರಲ್ಲಿದೆ. ಈ ಅಫಿಡವಿಟ್‌ಗೆ ಮನೆಯ ವಿಷಯ ಬೇಕಾಗಿಲ್ಲ, ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ಕೊಟ್ಟಿದ್ದೇನೆ.